ಹಾಲುಹಲ್ಲಿನ ಕಂಟಿನ್ಯುಟಿ

ಹಲ್ಲು ಬಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಪಲಾವಿನ ತಟ್ಟೆಯೊಳಗೆ. ಹುಡುಗಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು, ನೀರಿನ ಲೋಟಕ್ಕೆ ಅದ್ದಿ ತೊಳೆದಳು, ಆಮೇಲೆ ನೇರವಾಗಿ ನನ್ನ ಹತ್ತಿರ ಬಂದು ಅಂಗೈ ಬಿಚ್ಚಿದಳು.

"ಅಕ್ಕಾ, ಬಿತ್ತು ನೋಡ್ರಿ" ಎಂದು ನಕ್ಕಳು. ಮೇಲಿನ ಸಾಲಿನ ನಟ್ಟನಡುವೆ, ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಮೊದಲು ಕಾಣುವ ಜಾಗದಲ್ಲಿ, ಒಂದು ಹಲ್ಲು ಇರಲಿಲ್ಲ. ನಾನೂ ಅವಳ ಜೊತೆ ನಗಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಅಯ್ಯೋ, ಇವತ್ತೇ ಬೀಳ್ಬೇಕಿತ್ತಾ ಇದು" ಎಂಬ ಮಾತು. ಅವಳ ನಗು ಅಲ್ಲಿಗೆ ನಿಂತಿತು.

ನಾನು ಸಿನಿಮಾಗಳಿಗೆ ಕಂಟಿನ್ಯುಟಿ ನೋಡುವವಳು. ಒಂದು ಶಾಟ್‌ನಲ್ಲಿ ನಾಯಕನ ಮೇಲಿನ ಗುಂಡಿ ಬಿಚ್ಚಿದ್ದರೆ, ಹದಿನೈದು ದಿನ ಬಿಟ್ಟು ತೆಗೆಯುವ ಅದರ ಮುಂದಿನ ಶಾಟ್‌ನಲ್ಲೂ ಅದು ಬಿಚ್ಚಿಯೇ ಇರಬೇಕು. ಕಾಫಿ ಲೋಟ ಅರ್ಧ ಇತ್ತೇ, ತುಂಬ ಇತ್ತೇ, ಬೈತಲೆ ಯಾವ ಕಡೆ, ಗಾಯದ ಪಟ್ಟಿ ಯಾವ ಕೈಗೆ, ಇವೆಲ್ಲ ನನ್ನ ಪಾಲಿನ ತಲೆನೋವು. ಈ ಕೆಲಸ ಮನುಷ್ಯರನ್ನು ಕೆಡಿಸುತ್ತದೆ. ನೆಂಟರ ಮದುವೆಯಲ್ಲಿ ಕೂತಾಗಲೂ ಮದುಮಗನ ಗಡಿಯಾರ ಬೆಳಿಗ್ಗೆ ಎಡಗೈಯಲ್ಲಿತ್ತು, ಈಗ ಯಾಕೆ ಬಲಗೈಗೆ ಬಂತು ಎಂದು ನೋಡುತ್ತಿರುತ್ತೇನೆ. ನನ್ನ ಪಕ್ಕ ಕೂತು ಸಿನಿಮಾ ನೋಡಲು ಮನೆಯವರು ಯಾರೂ ಒಪ್ಪುವುದಿಲ್ಲ.

ನಾವು ತೆಗೆಯುತ್ತಿದ್ದದ್ದು ಒಂದು ಅಪಹರಣದ ಕಥೆ. ಶಿವಾಜಿನಗರದ ಬಟ್ಟೆ ವ್ಯಾಪಾರಿಯೊಬ್ಬರ ಏಳು ವರ್ಷದ ಮಗಳನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ನಿವೃತ್ತಿ ಹತ್ತಿರವಾದ ಒಬ್ಬ ಇನ್ಸ್‌ಪೆಕ್ಟರ್ ಹುಡುಕಿಕೊಂಡು ಹೊರಡುತ್ತಾರೆ. ಕಥೆಯ ಕಾಲ ಕೆಲವೇ ದಿನ. ಮಗು ಮನೆಯಿಂದ ಹೋಗುತ್ತದೆ, ಒಂದು ಶೆಡ್ಡಿನಲ್ಲಿ ಕೂಡಿಹಾಕಲ್ಪಡುತ್ತದೆ, ಮನೆಗೆ ಮರಳುತ್ತದೆ. ಆದರೆ ಸಿನಿಮಾವನ್ನು ಕಥೆಯ ಕ್ರಮದಲ್ಲಿ ಯಾರೂ ತೆಗೆಯುವುದಿಲ್ಲ, ಜಾಗ ಸಿಕ್ಕ ಕ್ರಮದಲ್ಲಿ ತೆಗೆಯುತ್ತಾರೆ. ಶಿವಾಜಿನಗರದಲ್ಲಿ ನಮಗೆ ಸಿಕ್ಕಿದ್ದ ಹಳೆಯ ಮನೆಯ ಒಡತಿ ಒಬ್ಬ ಅಜ್ಜಿ. ಅವರ ಮೊಮ್ಮಗಳ ಮದುವೆ ಹತ್ತಿರವಿತ್ತು, ಸುಣ್ಣಬಣ್ಣದವರು ಬರುವ ಮುಂಚೆ ನಾವು ಮನೆ ಖಾಲಿ ಮಾಡಬೇಕಿತ್ತು. ಹೀಗಾಗಿ ಮಗು ಸ್ಕೂಲಿಗೆ ಹೊರಡುವ ಬೆಳಿಗ್ಗೆಯನ್ನೂ, ಮಗು ಮರಳಿ ಬರುವ ಸಂಜೆಯನ್ನೂ ಮೊದಲೇ, ಒಂದೇ ವಾರದಲ್ಲಿ ಮುಗಿಸಿಬಿಟ್ಟಿದ್ದೆವು. ಎರಡಕ್ಕೂ ನಡುವಿನ ಶೆಡ್ಡಿನ ಭಾಗಕ್ಕೆ ಗರುಡಾಚಾರ್‌ಪಾಳ್ಯದ ಬೀಗ ಬಿದ್ದ ಕಾರ್ಖಾನೆಯೊಂದಕ್ಕೆ ಬಂದಿದ್ದೆವು. ಬಂದ ಮರುದಿನವೇ ಹಲ್ಲು ಬಿತ್ತು.

ಸಂಕಟ ಅರ್ಥವಾಗಿರಬಹುದು. ಹೋಗುವಾಗ ಹಲ್ಲಿತ್ತು, ಬರುವಾಗಲೂ ಇದೆ, ನಡುವೆ ಮಾತ್ರ ಇಲ್ಲ. ಮರಳಿ ಬರುವ ದೃಶ್ಯವಂತೂ ನಿರ್ದೇಶಕರ ಪ್ರಾಣ. ತಾಯಿ ಮೆಟ್ಟಿಲಿಳಿದು ಓಡಿ ಬರುತ್ತಾಳೆ, ಮಗುವನ್ನು ಎತ್ತಿಕೊಳ್ಳುತ್ತಾಳೆ, ಮಗು "ಅಮ್ಮೀ" ಎಂದು ಬಾಯಿ ತುಂಬ ಅಳುತ್ತದೆ, ಕ್ಯಾಮೆರಾ ಇಬ್ಬರನ್ನೂ ಸುತ್ತು ಹಾಕುತ್ತದೆ. ಆ ಶಾಟ್‌ನಲ್ಲಿ ದಂತವೈದ್ಯರು ಕೂತು ಹಲ್ಲು ಎಣಿಸಬಹುದಿತ್ತು, ಅಷ್ಟು ಸ್ಪಷ್ಟ.

ಹುಡುಗಿಯ ಬಗ್ಗೆ ಎರಡು ಮಾತು ಹೇಳಬೇಕು. ಅವಳ ಅಪ್ಪ ಅಮ್ಮ ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದು ಅದೇ ಗರುಡಾಚಾರ್‌ಪಾಳ್ಯದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಶೆಡ್ಡು ನೋಡಲು ಬಂದಿದ್ದ ನಿರ್ದೇಶಕರಿಗೆ ಬೀದಿಯಲ್ಲಿ ಕಣ್ಣಿಗೆ ಬಿದ್ದವಳು ಇವಳು. ಸೀಬೆಹಣ್ಣಿನ ಗಾಡಿಯವನ ಜೊತೆ ಒಳ್ಳೆ ದಖನಿ ಉರ್ದುವಿನಲ್ಲಿ ಜಗಳವಾಡುತ್ತಿದ್ದಳಂತೆ, ಹಣ್ಣು ಹುಳುಕು ಎಂದು. ಊರಲ್ಲಿ ಪಕ್ಕದ ಮನೆಯವರು ಆಡುತ್ತಿದ್ದ ಭಾಷೆ ಅದು, ಅವಳಿಗೆ ಆಟದಲ್ಲೇ ಬಂದಿತ್ತು. ಮನೆಯಲ್ಲಿ ದಖನಿ ಆಡುವ ವ್ಯಾಪಾರಿಯ ಮಗಳ ಪಾತ್ರಕ್ಕೆ ಹುಡುಕುತ್ತಿದ್ದ ನಿರ್ದೇಶಕರು ಅಲ್ಲೇ ಅವಳ ಅಮ್ಮನನ್ನು ಮಾತಾಡಿಸಿದರು.

ಅವಳಿಗೆ ಇಡೀ ಸಿನಿಮಾದಲ್ಲಿ ಇಷ್ಟವಾಗಿದ್ದದ್ದು ಒಂದೇ ದೃಶ್ಯ. ಶೆಡ್ಡಿನಲ್ಲಿ ಕಾವಲಿಗೆ ಕೂತ ಯುವಕನ ಜೊತೆ ಮಗು ಮಾತಾಡುವ ದೃಶ್ಯ. ನೀನಿಲ್ಲಿರುವುದು ನಿನ್ನ ಅಮ್ಮಿಗೆ ಗೊತ್ತಾ, ಊಟ ಮಾಡಿದೆಯಾ ಎಂದು ಅವಳು ಕೇಳುತ್ತಾ ಹೋಗುತ್ತಾಳೆ, ಅವನು ಕರಗುತ್ತಾ ಹೋಗುತ್ತಾನೆ. ಅವಳಿಗೆ ಇದ್ದ ಅತಿ ಉದ್ದದ ಮಾತು ಅದು. ಟೀ ಕೊಡುವವರಿಗೆ, ಲೈಟ್ ಎತ್ತುವವರಿಗೆ, ಸಿಕ್ಕಸಿಕ್ಕವರಿಗೆಲ್ಲ ಅದನ್ನು ಒಪ್ಪಿಸಿದ್ದಳು. ಹಲ್ಲು ಬಿದ್ದ ಮರುದಿನ ಆ ದೃಶ್ಯವಿತ್ತು.

ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದುಕೊಂಡು ಸಭೆ ಸೇರಿತು. ನಿರ್ದೇಶಕರು ನನ್ನ ಫೋನಿನಲ್ಲಿದ್ದ ಮರಳಿ ಬರುವ ದೃಶ್ಯದ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಹಿಗ್ಗಿಸಿದಷ್ಟೂ ಹಲ್ಲು ದೊಡ್ಡದಾಗುತ್ತಿತ್ತು.

"ಕಂಪ್ಯೂಟರಲ್ಲಿ ಹಲ್ಲು ಕೂರ್ಸೋಕಾಗಲ್ವಾ?" ಎಂದರು. ಸಂಕಲನದವರಿಗೆ ಫೋನ್ ಹೋಯಿತು. ಒಂದೆರಡು ಶಾಟ್ ಆದರೆ ಆಗುತ್ತೆ, ಮಾತಾಡುವ ಬಾಯಿಗೆ ಇಡೀ ದೃಶ್ಯ ಕೂರಿಸುವುದೆಂದರೆ ನಿಮ್ಮ ನಿರ್ಮಾಪಕರನ್ನು ಒಮ್ಮೆ ಕೇಳಿ ನೋಡಿ ಎಂದು ಆ ಕಡೆಯಿಂದ ಉತ್ತರ ಬಂತು. ನಿರ್ಮಾಪಕರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೇಕಪ್‌ನವರು ಕೃತಕ ಹಲ್ಲಿನ ಮಾತೆತ್ತಿದರು. ಹಲಸೂರಿನ ಕೆರೆ ಕಡೆಯ ಗಲ್ಲಿಯಲ್ಲಿ ಅವರಿಗೆ ಗೊತ್ತಿದ್ದ ಹಲ್ಲುಸೆಟ್ಟು ಮಾಡುವವರೊಬ್ಬರಿದ್ದರು. ಹುಡುಗಿಯನ್ನೂ ಅವಳ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಅವರು ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ಅವಳ ಬಾಯಿಗಿಟ್ಟು ಅಚ್ಚು ತೆಗೆದುಕೊಂಡರು, ಬೆಳಗಾಗುವಷ್ಟರಲ್ಲಿ ಸಣ್ಣ ತಂತಿಯ ಕೊಕ್ಕೆಗೆ ಒಂದು ಬಿಳಿ ಹಲ್ಲು ಕೂರಿಸಿ ಕಳಿಸಿಕೊಟ್ಟರು. ನೋಡಲು ಸೊಗಸಾಗಿತ್ತು. ಹಾಕಿಕೊಂಡು ಬಾಯಿ ತೆರೆದರೆ ಮಾತು ಮಾತ್ರ ಹೊರಡುತ್ತಿರಲಿಲ್ಲ. ನಾಲಿಗೆ ತಂತಿಗೆ ತಾಗುತ್ತಿತ್ತು, ಓಕರಿಕೆ ಬರುತ್ತಿತ್ತು. ಕಾವಲಿನ ಯುವಕನನ್ನು ಊಟ ಆಯಿತಾ ಎಂದು ಕೇಳುವ ಹೊತ್ತಿಗೆ ಹಲ್ಲು ಹಾರಿ ಅವನ ತೊಡೆಯ ಮೇಲೆ ಬಿತ್ತು. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಅವಳ ವಸಡಿನಿಂದ ಸ್ವಲ್ಪ ರಕ್ತ ಬಂದಿತ್ತು.

ಆಗ ಪ್ರೊಡಕ್ಷನ್ ಮ್ಯಾನೇಜರ್ ಹೇಳಿದರು, "ಸಾರ್, ಸುಮ್ನೆ ಯಾಕೆ ಒದ್ದಾಡ್ತೀರಾ. ಬಾಯಿಗೆ ಟೇಪ್ ಹಾಕ್ಬಿಡಿ. ಕಿಡ್ನ್ಯಾಪ್ ಮಾಡಿರೋ ಮಗು ಅಲ್ವಾ, ಟೇಪ್ ಇದ್ರೇನೇ ನ್ಯಾಚುರಲ್ಲು. ಹಲ್ಲೂ ಕಾಣಲ್ಲ."

ಎಲ್ಲರ ಮುಖದ ಮೇಲೂ ಗೆಲುವು ಬಂತು. ಇಷ್ಟು ಸುಲಭದ ಉಪಾಯ ಇಷ್ಟು ಹೊತ್ತು ಯಾರಿಗೂ ಹೊಳೆಯಲಿಲ್ಲವಲ್ಲ ಎಂದುಕೊಂಡೆವು. ನಿರ್ದೇಶಕರು ನನ್ನ ಕಡೆ ತಿರುಗಿದರು. ಕಂಟಿನ್ಯುಟಿ ಕಡೆಯಿಂದ ತೊಂದರೆ ಇಲ್ಲ ಎಂದೆ, ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಕೆಳಗಿನಿಂದ ಒಂದು ದನಿ ಬಂತು.

"ಟೇಪ್ ಹಚ್ಚಿದ್ರ ಡೈಲಾಗ್ ಹ್ಯಾಂಗ ಹೇಳ್ಲಿರೀ?"

ನಿರ್ದೇಶಕರು ಅವಳ ತಲೆ ಸವರಿ, "ಕಣ್ಣಲ್ಲೇ ಹೇಳ್ಬೇಕು ಪುಟ್ಟಿ" ಎಂದರು. ಅವಳು ನನ್ನನ್ನು ನೋಡಿದಳು. ಆ ನೋಟವನ್ನು ನನಗೆ ಸಹಿಸಲಾಗಲಿಲ್ಲ, ಲೈಟ್ ಕಡೆ ತಿರುಗಿ ಏನೋ ಕೆಲಸವಿದ್ದಂತೆ ನಟಿಸಿದೆ.

ಟೇಪನ್ನು ಎಷ್ಟು ಜೋಪಾನವಾಗಿ ಹಾಕಬಹುದೋ ಅಷ್ಟು ಜೋಪಾನವಾಗಿ ಹಾಕಿದರು. ಗಾಯಕ್ಕೆ ಹಚ್ಚುವ ಮೆತ್ತನೆಯ ಪಟ್ಟಿ, ಮೇಲೆ ಬಣ್ಣ ಬಳಿದದ್ದು. ಬೇಡ ಅನ್ನಿಸಿದರೆ ಕೈಯನ್ನು ನೆಲಕ್ಕೆ ತಟ್ಟು, ನಾನು ನೋಡುತ್ತಿರುತ್ತೇನೆ ಎಂದು ಅವಳಿಗೆ ಹೇಳಿಟ್ಟಿದ್ದೆ. ರಿಹರ್ಸಲ್ ಚೆನ್ನಾಗಿಯೇ ಆಯಿತು. ಅವಳ ಬಲಗೈ ಮುಷ್ಟಿ ಕಟ್ಟಿತ್ತು. ಹಿಂದಿನ ದಿನದಿಂದಲೂ ಆ ಮುಷ್ಟಿ ಹಾಗೇ ಇತ್ತು, ಊಟಕ್ಕೂ ಎಡಗೈ ಬಳಸಿ ಅಮ್ಮನಿಂದ ಬೈಸಿಕೊಂಡಿದ್ದಳು.

ಟೇಕ್ ಶುರುವಾಯಿತು. ಕಾವಲಿನ ಯುವಕ ಬಾಗಿಲು ತೆಗೆದು ಒಳಗೆ ಬಂದ. ಹುಡುಗಿ ಅವನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು, ಮೂಗು ಕಟ್ಟಿತು, ತಲೆ ಆಡಿಸತೊಡಗಿದಳು. ಮಾನಿಟರ್ ಮುಂದೆ ನಿರ್ದೇಶಕರು ಉಸಿರು ಬಿಗಿಹಿಡಿದು, "ಸೂಪರ್, ಸೂಪರ್" ಎಂದು ಪಿಸುಗುಡುತ್ತಿದ್ದರು. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ನಾನು ಅಭ್ಯಾಸಬಲದಿಂದ ಕೈ ನೋಡುತ್ತಿದ್ದೆ. ಚೌಕಟ್ಟಿನ ಅಂಚಿನಲ್ಲಿ ಆ ಸಣ್ಣ ಮುಷ್ಟಿ ನೆಲವನ್ನು ಒಂದೇ ಸಮನೆ ಕುಟ್ಟುತ್ತಿತ್ತು.

"ಕಟ್" ಎಂದೆ.

ಸೆಟ್ಟಿನಲ್ಲಿ ಆ ಮಾತು ಹೇಳುವ ಹಕ್ಕು ನಿರ್ದೇಶಕರದು, ಬೇರೆ ಯಾರದೂ ಅಲ್ಲ. ಮೇಲಿಂದ ಲೈಟೇ ಕಳಚಿ ಬೀಳುತ್ತಿದ್ದರೂ ಉಳಿದವರು ಅವರ ಮುಖ ನೋಡಬೇಕೇ ಹೊರತು ಕಟ್ ಅನ್ನಬಾರದು. ಕ್ಯಾಮೆರಾದವರು ನಿಲ್ಲಿಸಬೇಕೋ ಬಿಡಬೇಕೋ ತಿಳಿಯದೆ ತಬ್ಬಿಬ್ಬಾದರು. ಮೊದಲು ಅವಳ ಹತ್ತಿರ ಹೋದವನು ಕಾವಲಿನ ಯುವಕನ ಪಾತ್ರದವನು. ಮೊಣಕಾಲೂರಿ ಕೂತು ಟೇಪು ಬಿಡಿಸಿದ, ಅವಳು ದೊಡ್ಡದಾಗಿ ಉಸಿರೆಳೆದುಕೊಂಡು ಅವನ ಅಂಗಿ ಹಿಡಿದು ಅತ್ತಳು. ಬಾಗಿಲಲ್ಲಿ ಕೂತಿದ್ದ ಅವಳ ಅಮ್ಮ ಬಂದು ಎತ್ತಿಕೊಂಡರು. ದನಿ ಎತ್ತಿ ಮಾತಾಡಿದ್ದನ್ನು ಅದುವರೆಗೆ ನಾನು ಕೇಳದ ಹೆಂಗಸು ಅವರು.

"ಅಕ್ಕಾರ, ನಮ್ ಹುಡುಗಿ ಬಾಯಿಗ ಇನ್ನ ಪಟ್ಟಿ ಹಚ್ಚಬ್ಯಾಡ್ರಿ. ನೀವು ಸಿನಿಮಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಮಾತಾಡ್ತಾಳ ಅಂತ ಕರ್ಕೊಂಡು ಬಂದ್ರಿ, ಮಾತಾಡ್ಲಿ. ಇಲ್ಲಂದ್ರ ಮನಿಗಿ ಕರ್ಕೊಂಡು ಹೋಗ್ತೀನಿ."

ನಿರ್ದೇಶಕರು ನನ್ನ ಹತ್ತಿರ ಬಂದು ತಣ್ಣಗೆ, "ಕಟ್ ಹೇಳೋದು ನಾನು" ಎಂದರು. "ಗೊತ್ತು ಸಾರ್" ಎಂದೆ. ಬೈದಿದ್ದರೆ ವಾಸಿಯಿತ್ತು. ಅವರು ಬ್ರೇಕ್ ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಟೇಪಿನ ಮಗುವಿನ ಕಣ್ಣು ಅವರೂ ನೋಡಿದ್ದರಲ್ಲ, ತಡವಾಗಿ ಅರ್ಥವಾಗಿತ್ತು.

ಹುಡುಗಿ ಸಮಾಧಾನವಾದ ಮೇಲೆ ನನ್ನ ಬೆರಳು ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಗಾಜಿನ ಆಫೀಸು ಕಟ್ಟಡದ ಕಾಂಪೌಂಡಿಗೆ ಒರಗಿಕೊಂಡು ಯಾರದೋ ಹಸು ಮಲಗಿತ್ತು. ಅವಳಿಗೆ ಬೇಕಾಗಿದ್ದದ್ದು ಸೆಗಣಿ. ಬಿದ್ದ ಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯಬೇಕು, ಇಲ್ಲದಿದ್ದರೆ ಹೊಸ ಹಲ್ಲು ಬರುವುದಿಲ್ಲ. ಇದು ನನಗೂ ಗೊತ್ತಿದ್ದದ್ದೇ, ನಾನೂ ಸಣ್ಣವಳಿದ್ದಾಗ ಎಸೆದವಳೇ. ನಿನ್ನೆಯಿಂದ ಮುಷ್ಟಿಯಲ್ಲಿದ್ದದ್ದು ಆ ಹಲ್ಲು ಎಂದು ಆಗ ತಿಳಿಯಿತು.

ಇಬ್ಬರೂ ಕೂತು ಉಂಡೆ ಕಟ್ಟಿದೆವು. ಅವಳು ಹಲ್ಲನ್ನು ಅದರೊಳಗೆ ಒತ್ತಿದಳು. ಶೆಡ್ಡಿನ ತಗಡಿನ ಮಾಡಿಗೆ ಗುರಿಯಿಟ್ಟು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

"ಇದು ನಮ್ಮ ಮನಿ ಅಲ್ಲಲ್ರಿ ಅಕ್ಕಾ."

"ಹಾಗಾದ್ರೆ ಸಂಜೆ ನಿಮ್ಮನೆ ಮೇಲೆ ಎಸಿ."

"ನಮ್ಮ ಕ್ವಾಣಿ ಮ್ಯಾಲ ಬ್ಯಾರೆಯವರು ಇರ್ತಾರ. ಅವರ ಮ್ಯಾಲ ಇನ್ನೊಬ್ರು. ಗೇಟಿಗಿ ಬೀಗ ಹಾಕ್ತಾರ, ಛತ್ತಿಗಿ ಬಿಡಂಗಿಲ್ಲ."

ಊರಿಗೆ ಹೋದಾಗ ಎಸೆಯೋಣ ಎಂದು ಅಮ್ಮ ಹೇಳಿದ್ದರಂತೆ. ಊರಿಗೆ ಹೋಗುವುದು ಇನ್ನು ಯಾವಾಗಲೋ, ಅಷ್ಟರಲ್ಲಿ ಹಲ್ಲು ಬರಬೇಕಾದ ದಿನ ದಾಟಿಬಿಟ್ಟರೆ ಎಂಬುದು ಅವಳ ಹೆದರಿಕೆ. ಅವಳು ಉಂಡೆ ಒಡೆದು ಹಲ್ಲು ಹೊರತೆಗೆದು, ಹಾಕಿಕೊಂಡಿದ್ದ ಫ್ರಾಕಿಗೇ ಒರೆಸಿ ಮತ್ತೆ ಮುಷ್ಟಿ ಕಟ್ಟಿದಳು. ಫ್ರಾಕಿನ ಮೇಲೆ ಸೆಗಣಿಯ ಗುರುತು, ಇನ್ನು ಮುಂದಿನ ಎಲ್ಲ ಶಾಟ್‌ಗಳಲ್ಲೂ ಅದು ಇರಬೇಕು ಎಂದು ನನ್ನ ಹಾಳು ತಲೆ ಯೋಚಿಸಿತು. ಆ ಯೋಚನೆಯ ಬೆನ್ನಿಗೇ ಇನ್ನೊಂದು ಬಂತು.

ಮನೆಯ ಮಾಡಿನ ಮೇಲೇ ಎಸೆಯಬೇಕೆಂದು ಮುಷ್ಟಿಯಲ್ಲಿ ಹಲ್ಲು ಹಿಡಿದು ಕಾಯುವ ಮಗು ಮನೆಗೆ ಹೋಗಿಯೇ ಹೋಗುತ್ತೇನೆ ಎಂದು ನಂಬಿರುತ್ತದೆ. ನಮ್ಮ ಇಡೀ ಸಿನಿಮಾದಲ್ಲಿ ಆ ಮಗು ಮನೆಯನ್ನು ಅಷ್ಟು ಗಟ್ಟಿಯಾಗಿ ನೆನೆಯುವ ಒಂದು ಗಳಿಗೆಯೂ ಇರಲಿಲ್ಲ. ವ್ಯತ್ಯಾಸ ಮುಚ್ಚುವುದೇ ನನ್ನ ಜೀವಮಾನದ ಕೆಲಸ. ಆ ಮಧ್ಯಾಹ್ನ ನಿರ್ದೇಶಕರ ಮುಂದೆ ಹೋಗಿ ನಿಂತು, ಈ ವ್ಯತ್ಯಾಸವನ್ನು ತೋರಿಸೋಣ ಎಂದೆ.

"ಅಂದ್ರೆ?"

"ಹಲ್ಲು ಶೆಡ್ಡಲ್ಲೇ ಬೀಳ್ಲಿ ಸಾರ್. ಕಥೇಲೇ ಬೀಳ್ಲಿ. ಫೋನಲ್ಲಿ ಅಮ್ಮನ ಜೊತೆ ಮಾತಾಡಿಸ್ತಾರಲ್ಲ, ಅಲ್ಲಿ 'ನನ್ನನ್ನ ಕಾಪಾಡಿ' ಅಂತ ಬರ್ದಿದೀವಿ. ಏಳು ವರ್ಷದ ಮಗು ಹಾಗನ್ನಲ್ಲ. ಹಲ್ಲು ಬಿತ್ತು ಅಂತ ಹೇಳತ್ತೆ. ಇಲ್ಲಿ ಮೇಲೆ ಬರೀ ತಗಡು, ನಮ್ಮನೆ ಛತ್ ಮೇಲೇ ಹಾಕ್ತೀನಿ, ಇಟ್ಕೊಂಡಿದೀನಿ ಅನ್ನತ್ತೆ. ಕಿಡ್ನ್ಯಾಪ್ ಮಾಡಿದವ್ರಿಗೆ ಅದು ಮಗು ಮಾತು. ಪಕ್ಕದಲ್ಲಿ ಕೇಳಿಸ್ಕೊಳ್ತಿರೋ ಇನ್ಸ್‌ಪೆಕ್ಟರ್‌ಗೆ ತಗಡು ಅನ್ನೋದು ಸಾಕು. ಅಲ್ಲೀವರ್ಗೂ ಅಪಾರ್ಟ್‌ಮೆಂಟ್ ಹುಡುಕ್ತಿದ್ದವ್ರು ಶೆಡ್ಡು ಹುಡುಕ್ತಾರೆ."

ಸ್ವಲ್ಪ ದೂರದಲ್ಲಿ ಇನ್ಸ್‌ಪೆಕ್ಟರ್ ಪಾತ್ರದ ಹಿರಿಯ ನಟರು ಬೂಟು ಬಿಚ್ಚಿ ಕಾಲು ಚಾಚಿ ಕೂತಿದ್ದರು. ಕಣ್ಣು ಮುಚ್ಚಿಕೊಂಡೇ ಹೇಳಿದರು.

"ನನಗೆ ಒಪ್ಗೆ ಕಣ್ರೀ. ನೆಲದ ಮೇಲೆ ಬಿದ್ದಿರೋ ಹೇರ್‌ಕ್ಲಿಪ್ ಎತ್ಕೊಂಡು, ಇದು ಆ ಮಗೂದೇ ಅಂತ ಎಷ್ಟು ಸಿನಿಮಾದಲ್ಲಿ ಹೇಳೋದು. ನಂಗೂ ಬೇಜಾರಾಗಿದೆ, ಜನಕ್ಕೂ ಬೇಜಾರಾಗಿರತ್ತೆ."

ನಮ್ಮ ಸ್ಕ್ರಿಪ್ಟಿನಲ್ಲಿ ಇದ್ದದ್ದು ಅದೇ, ಹೇರ್‌ಕ್ಲಿಪ್. ನಿರ್ದೇಶಕರು ನಕ್ಕುಬಿಟ್ಟರು. ಆಮೇಲೆ ನಗು ಇಳಿಯಿತು.

"ಹಂಗಾದ್ರೆ ಮನೆಗ್ ಬರೋ ಶಾಟು?"

"ಬಿಡ್ಬೇಕು ಸಾರ್."

"ಆ ಶಾಟ್ ಬಿಡ್ಬೇಕಾ?"

"ಅದ್ರಲ್ಲಿ ಹಲ್ಲಿದೆ."

ಅವರು ಎದ್ದು ಶೆಡ್ಡಿನ ಉದ್ದಕ್ಕೂ ನಡೆದರು. ಆ ಶಾಟಿಗೆ ಎಷ್ಟು ಬೆವರು ಸುರಿಸಿದ್ದರೆಂದು ನನಗೆ ಗೊತ್ತಿತ್ತು, ಇಕ್ಕಟ್ಟಿನ ಮನೆಯೊಳಗೆ ಕ್ಯಾಮೆರಾ ಸುತ್ತಲೆಂದು ಬೀರು, ಮಂಚಗಳನ್ನೆಲ್ಲ ತಾವೇ ಹೊತ್ತು ಹೊರಗಿಟ್ಟಿದ್ದರು. ಯಾರ ಬಳಿಯಾದರೂ ಅವರ ಮಗುವನ್ನು ಬಿಟ್ಟುಕೊಡಿ ಎಂದು ಕೇಳಿದ ಹಾಗೆ ನನಗೆ ಹಿಂಸೆಯಾಯಿತು. ಮರಳಿ ಬಂದು, "ನಿಮ್ಮನ್ನ ಈ ಕೆಲಸಕ್ಕೆ ಕರೆದಿದ್ದೇ ತಪ್ಪು. ಶಿವಾಜಿನಗರದ ಮನೆಯವ್ರಿಗೆ ಫೋನ್ ಹಾಕಿ" ಎಂದರು.

ಶಿವಾಜಿನಗರದ ಅಜ್ಜಿಯನ್ನು ಯೂನಿಟ್‌ನವರೆಲ್ಲ ನಾನಿ ಎನ್ನುತ್ತಿದ್ದೆವು. ಅವರಿಗೆ ಫೋನ್ ಮಾಡಿ ಮೊದಲು ಕೇಳಿದ್ದು ಜಾಗವನ್ನಲ್ಲ. ನಿಮ್ಮ ಮನೆಯಲ್ಲಿ ಮಕ್ಕಳ ಹಲ್ಲು ಬಿದ್ದರೆ ಏನು ಮಾಡುತ್ತೀರಿ ಎಂದು. ನಮ್ಮ ರೂಢಿಯನ್ನು ಅವರ ಮನೆಯ ಮಗುವಿನ ಬಾಯಿಗೆ ತುರುಕಿ, ಸಿನಿಮಾ ಬಂದ ಮೇಲೆ ಅವರು ನಗುವಂತಾಗಬಾರದಲ್ಲ.

"ಹೌ ಬೇಟಾ, ಛತ್ ಪೋಚ್ ಡಾಲ್ತೇ" ಎಂದರು ನಾನಿ. ನಮ್ಮಲ್ಲೂ ಛಾವಣಿ ಮೇಲೇ ಹಾಕುವುದು ಎಂದು. ಸೆಗಣಿಯ ಉಂಡೆಯನ್ನೂ ಅವರೇ ಹೇಳಿದರು. "ಯಾಕೆ, ಯಾರ್ದು ಹಲ್ಲು ಬಿತ್ತು? ನಮ್ಮ ಮುನ್ನೀದಾ?" ಹುಡುಗಿಗೆ ಅವರು ಇಟ್ಟಿದ್ದ ಹೆಸರು ಮುನ್ನಿ.

ವಿಷಯ ಹೇಳಿದೆ. ಒಳಗೆ ಸುಣ್ಣ ಹಚ್ಚುತ್ತಿದ್ದಾರೆ, ನೆಂಟರು ಬಂದು ತುಂಬಿದ್ದಾರೆ, ಕಾಲಿಡಲು ಜಾಗವಿಲ್ಲ, ಆದರೆ ತಾರಸಿ ಖಾಲಿ ಇದೆ ಎಂದರು. ತಾಯಿಯ ಪಾತ್ರದ ನಟಿ ಬೇರೆ ಊರಿನ ಚಿತ್ರೀಕರಣಕ್ಕೆ ಹೊರಟು ನಿಂತಿದ್ದರು. ಹೊರಡುವ ದಿನ ಬೆಳಗಿನ ಅರ್ಧ ದಿನ ಕೊಡುತ್ತೇನೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ ಎಂದರು.

ಅದೇ ಮಧ್ಯಾಹ್ನ ಕಾವಲಿನ ಯುವಕನ ದೃಶ್ಯ ತೆಗೆದೆವು, ಬಾಯಿ ತೆರೆದೇ. ಹಲ್ಲಿಲ್ಲದ ಸಂದಿಯಿಂದ ಗಾಳಿ ನುಸುಳಿ ಅವಳ ಒಂದೊಂದು ಸಕಾರಕ್ಕೂ ಸಣ್ಣ ಶಿಳ್ಳೆ ಬರುತ್ತಿತ್ತು. ಅವನು ಹೊಸದಾಗಿ ಸೇರಿಸಿದ ಮಾತು ಹೇಳಿದ, ಕಿಟಕಿಯಾಚೆ ಎಸೆದುಬಿಡು ಆ ಹಲ್ಲನ್ನು ಎಂದು. ಅವಳು ಮುಷ್ಟಿಯನ್ನು ಎದೆಗೊತ್ತಿಕೊಂಡಳು.

"ನಕ್ಕೋ. ಹಮಾರೇ ಘರ್ ಕೇ ಛತ್ ಪೋಚ್ ಡಾಲ್ತೀಂ."

ಬೇಡ, ನಮ್ಮ ಮನೆಯ ಛಾವಣಿ ಮೇಲೇ ಹಾಕುತ್ತೇನೆ. ಅವಳಿಗೆ ನಟಿಸುವುದಕ್ಕೆ ಏನೂ ಇರಲಿಲ್ಲ. ಯುವಕನ ಪಾತ್ರದವನು ಮುಂದಿನ ಮಾತು ಮರೆತು ಅವಳನ್ನೇ ನೋಡುತ್ತಾ ಕೂತುಬಿಟ್ಟ, ಆ ಮೌನವೂ ಹಾಗೇ ಸಿನಿಮಾದಲ್ಲಿ ಉಳಿಯಿತು. ಕಟ್ ಎನ್ನುವ ಮೊದಲು ನಿರ್ದೇಶಕರು ನನ್ನ ಕಡೆ ತಿರುಗಿ ಹುಬ್ಬೇರಿಸಿದರು, ಹೇಳಲಾ ಎಂಬಂತೆ. ಆ ಗೇಲಿಯಲ್ಲಿ ಕ್ಷಮೆ ಸೇರಿತ್ತು ಎಂದುಕೊಂಡು ನಿರಾಳವಾದೆ.

ಶಿವಾಜಿನಗರಕ್ಕೆ ಹೋದ ದಿನ ಬೆಳಿಗ್ಗೆ ತಾರಸಿಯ ಮೇಲೆ ಒಣಗಲು ಹಾಕಿದ್ದ ಮದುವೆಯ ಹಾಸಿಗೆಗಳನ್ನು ಸರಿಸಿ ಜಾಗ ಮಾಡಿಕೊಂಡೆವು. ಮೆಟ್ಟಿಲು ಮೇಲಕ್ಕೆ ಬರುವ ಕಡೆ ಒಂದು ಪುಟ್ಟ ಕೋಣೆಯಿತ್ತು, ಅದರ ತಲೆಯ ಮೇಲೆ ಹಲ್ಲು ಎಸೆಯುವುದೆಂದು ಗೊತ್ತು ಮಾಡಿದೆವು. ಹಲಸೂರಿನಿಂದ ಬಂದಿದ್ದ ಕೃತಕ ಹಲ್ಲು ಈಗ ಉಪಯೋಗಕ್ಕೆ ಬಂತು. ಚಿತ್ರೀಕರಣದ ಸಾಮಾನು, ಅಂದರೆ ಪ್ರಾಪರ್ಟಿ, ನೋಡಿಕೊಳ್ಳುವವನು ಅದನ್ನು ತಂತಿಯಿಂದ ಬಿಡಿಸಿ, ಸಣ್ಣ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ತಂದಿದ್ದ. ಸೆಗಣಿಯನ್ನೂ ತಾನೇ ಹೋಗಿ ತಾಜಾ ತಂದಿದ್ದ.

ಮಸೀದಿಯ ಆಜಾನ್ ಮುಗಿಯಲಿ ಎಂದು ಸೌಂಡಿನವರು ಕಾಯಿಸಿದರು. ಆ ಬಿಡುವಿನಲ್ಲಿ ನಾನಿ ಹುಡುಗಿಯನ್ನು ಅಡುಗೆಮನೆಗೆ ಕರೆದೊಯ್ದು ಖೀರು ಕೊಟ್ಟರು. ಮನೆಯ ಚಿತ್ರೀಕರಣ ನಡೆದ ವಾರವಿಡೀ ಅವಳ ಮಧ್ಯಾಹ್ನದ ಊಟ ಯೂನಿಟ್‌ನ ತಟ್ಟೆಯಲ್ಲಿ ಆಗಿರಲಿಲ್ಲ, ನಾನಿಯ ಪಕ್ಕದಲ್ಲೇ ಆಗಿತ್ತು. ನಾನು ಫ್ರಾಕಿನ ಕಲೆ ಸರಿಯಿದೆಯೇ ನೋಡಲೆಂದು ಬಾಗಿಲವರೆಗೆ ಹೋದೆ. ಅವಳು ಮುಷ್ಟಿ ಬಿಚ್ಚಿ ನಾನಿಗೆ ಏನೋ ತೋರಿಸುತ್ತಿದ್ದಳು, ನಾನಿ ಬಗ್ಗಿ ಕೇಳಿಸಿಕೊಂಡು, ಬೆರಳನ್ನು ಮೇಲಕ್ಕೆ ತೋರಿಸಿ ಏನೋ ಹೇಳಿದರು. ಅಷ್ಟರಲ್ಲಿ ಮೇಲಿಂದ ನನ್ನನ್ನು ಕೂಗಿದರು.

ಎಸೆಯುವುದೊಂದನ್ನು ಬಿಟ್ಟು ರಿಹರ್ಸಲ್ ಆಯಿತು. ಇನ್ಸ್‌ಪೆಕ್ಟರ್ ಮಗುವಿನ ಕೈ ಹಿಡಿದು ತಾರಸಿಗೆ ತರುತ್ತಾರೆ. ಬಟ್ಟೆ ಎತ್ತಿಕೊಳ್ಳುತ್ತಿದ್ದ ತಾಯಿ ತಿರುಗಿ ನೋಡುತ್ತಾಳೆ. ಓಡುವುದು, ಎತ್ತುವುದು ಏನೂ ಇಲ್ಲ. ಕೂತು ಗಲ್ಲ ಹಿಡಿದು, ಮುಖ, ಕಿವಿ, ಕತ್ತು ಎಲ್ಲ ಸವರಿ ನೋಡಿ, ಕೊನೆಗೆ ಬಾಯಿ ನೋಡಿ, ಎಲ್ಲಿ ಎನ್ನುತ್ತಾಳೆ. ಮಗು ಕೃತಕ ಹಲ್ಲು ಹಿಡಿದ ಎಡಮುಷ್ಟಿ ಬಿಚ್ಚಿ ತೋರಿಸುತ್ತದೆ. ಇಬ್ಬರೂ ಸೇರಿ ಅದನ್ನು ಉಂಡೆಯಲ್ಲಿಟ್ಟು ಎಸೆಯುತ್ತಾರೆ. ಅಷ್ಟೇ.

ಟೇಕ್‌ನಲ್ಲಿ ತಾಯಿಯ ಪಾತ್ರದವರು ಗಲ್ಲ ಹಿಡಿದು ಬಾಯಿ ನೋಡಿದರು. "ಕಾಂ ಹೈ ಗೇ?" ಎಂದರು, ಎಲ್ಲೇ ಅದು ಎಂದು. ಹುಡುಗಿ ಮುಷ್ಟಿ ಬಿಚ್ಚಿದಳು, ಹಲ್ಲನ್ನು ಉಂಡೆಗೆ ಒತ್ತಿದಳು, ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದುಕೊಂಡಳು, ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಡೀ ಬಲ ಹಾಕಿ ಎಸೆದಳು. ಉಂಡೆ ಕೋಣೆಯ ತಲೆಯ ಮೇಲೆ ತಟ್ಟನೆ ಬಿತ್ತು. ಹಿಂದೆ ನಿಂತಿದ್ದ ಇನ್ಸ್‌ಪೆಕ್ಟರ್ ಟೋಪಿ ತೆಗೆದರು. ಅದೂ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಕಟ್ ಎಂದಾಗ ಹಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನೂ ಅತ್ತಿದ್ದೆ, ಮುಚ್ಚಿಡುವುದೇನಿದೆ. ನಿರ್ದೇಶಕರು ಮೂಗು ಒರೆಸಿಕೊಂಡು, "ಸೇಫ್ಟಿಗೆ ಒನ್ ಮೋರ್ ತಗೊಳೋಣ" ಎಂದರು. ಪ್ರಾಪರ್ಟಿಯವನು ಹಲ್ಲು ಹುಡುಕಿ ತರಲೆಂದು ಏಣಿ ತರಲು ಓಡಿದ.

ನನಗೆ ಮಾತ್ರ ಏನೋ ಚುಚ್ಚುತ್ತಿತ್ತು. ರಿಹರ್ಸಲ್‌ನಲ್ಲಿ ಅವಳು ಬಿಚ್ಚಿದ್ದು ಎಡಗೈ. ಟೇಕ್‌ನಲ್ಲಿ ಬಿಚ್ಚಿದ್ದು ಬಲಗೈ. ಇಷ್ಟು ಅಳುವಿನ ನಡುವೆಯೂ ನನಗೆ ಕಂಡದ್ದು ಅದು, ನನ್ನ ಹಣೆಬರಹ. ಅವಳ ಪಕ್ಕ ಕೂತು ಎಡಗೈ ತೋರಿಸು ಎಂದೆ. ಅವಳು ಹಿಂದುಮುಂದು ನೋಡಿ ಮುಷ್ಟಿ ಬಿಚ್ಚಿದಳು. ಕೃತಕ ಹಲ್ಲು ಅಲ್ಲೇ ಇತ್ತು, ತೀರ ಬಿಳಿಯಾಗಿ.

"ಮತ್ತೆ ಎಸ್ದಿದ್ದು?"

"ಖರೇದು" ಎಂದಳು ಮೆಲ್ಲಗೆ.

"ಇದು ನಿಮ್ಮನೆ ಅಲ್ಲ ಅಲ್ವೇನೇ?"

"ನಾನಿ ಹೇಳ್ಯಾರ್ರಿ. ಇಷ್ಟು ದಿನ ಇಲ್ಲೇ ಉಂಡಿಯಲ್ಲ, ಇದೂ ನಿನ್ನ ಮನಿನೇ, ಒಗಿ ಅಂತ."

ಏಣಿ ಬಂದು ಗೋಡೆಗೆ ಒರಗಿತು. ಮಾನಿಟರ್ ಕಡೆಯಿಂದ ನಿರ್ದೇಶಕರು ಕೂಗಿದರು, "ಕಂಟಿನ್ಯುಟಿ ಓಕೆನಾ? ಟೈಮಿಲ್ಲ, ಏನಾದ್ರೂ ಮಿಸ್ಟೇಕ್ ಇದ್ರೆ ಮಾತ್ರ ಒನ್ ಮೋರ್ ಹೋಗೋಣ."

"ಇಲ್ಲ ಸಾರ್. ಎಲ್ಲ ಸರಿ ಇದೆ" ಎಂದೆ.

ಆಮೇಲೆ ಪ್ರಾಪರ್ಟಿಯವನನ್ನು ಕರೆದು, ಹತ್ತಬೇಡ, ಹಲ್ಲು ಸಿಕ್ಕಿತು ಎಂದು ಹೇಳಿ, ಅವಳ ಅಂಗೈಯಿಂದ ಆ ಬಿಳಿ ಹಲ್ಲನ್ನು ತೆಗೆದು ಅವನ ಡಬ್ಬಿಯ ಹತ್ತಿಯ ಮೇಲಿಟ್ಟೆ. ಇನ್ನೊಂದು ಅಲ್ಲೇ, ಅವಳ ಮನೆಯ ಮೇಲೆ ಉಳಿಯಿತು.